ಬೆವರು ಬೇರೆ, ನಾತ ಬೇರೆ: ಆಂಟಿಪರ್ಸ್ಪಿರಂಟ್ ಬಗ್ಗೆ ಅಧ್ಯಯನ ಟಿಪ್ಪಣಿ

ಡಿಯೋಡರಂಟ್ ತಡೆಯುವುದು ನಾತವನ್ನು, ಬೆವರನ್ನಲ್ಲ. ಆಂಟಿಪರ್ಸ್ಪಿರಂಟ್ ತನ್ನಲ್ಲಿರುವ ಅಲ್ಯೂಮಿನಿಯಂ ಲವಣಗಳಿಂದ ಬೆವರು ಹೊರಬರುವ ದಾರಿಯನ್ನೇ ಕಟ್ಟುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ಅಭ್ಯಾಸ ಇರುವುದರಿಂದ ಭಯಗಳೂ ಮನೆಮದ್ದುಗಳೂ ಕಲಸಿಹೋಗಿವೆ. ನಿಮ್ಮ ತೊಂದರೆ ಒದ್ದೆಯೋ ವಾಸನೆಯೋ ಎಂದು ಮೊದಲು ತೀರ್ಮಾನಿಸಿ. ಬರೀ ವಾಸನೆಯಾದರೆ ಅಲ್ಯೂಮಿನಿಯಂ ಬೇಕಾಗಿಯೇ ಇಲ್ಲ. ಅದು ಅಪಾಯಕಾರಿ ಎಂಬ ಕಾರಣಕ್ಕಲ್ಲ. ನಿಮಗಿಲ್ಲದ ತೊಂದರೆಗೆ ಅದು ಮದ್ದು, ಅಷ್ಟೇ.

ನಾತ ಹುಟ್ಟುವ ಬಗೆ

ಮೈಯೆಲ್ಲ ಹರಡಿರುವ ಎಕ್ರೈನ್ ಗ್ರಂಥಿಗಳ ಬೆವರು ಬಹುಪಾಲು ಉಪ್ಪುನೀರು. ಕಂಕುಳು, ತೊಡೆಸಂದಿಗಳಲ್ಲಿರುವ ಅಪೊಕ್ರೈನ್ ಗ್ರಂಥಿಗಳು ಪ್ರಾಯ ಬಂದ ಮೇಲೆ ಕೆಲಸ ಶುರುಮಾಡುತ್ತವೆ. ಅವುಗಳ ಸ್ರಾವದಲ್ಲಿ ಕೊಬ್ಬು, ಪ್ರೋಟೀನಿನ ಅಂಶ ಹೆಚ್ಚು. ಈ ಸ್ರಾವಕ್ಕೂ ಹೊರಬಂದ ಗಳಿಗೆಯಲ್ಲಿ ವಾಸನೆ ಇರುವುದಿಲ್ಲ. ಚರ್ಮದ ಮೇಲಿನ ಕೊರಿನೆಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಹುಳಿ, ಕಮಟು ವಾಸನೆಯ ಆಮ್ಲಗಳು ಹುಟ್ಟುತ್ತವೆ. ಸ್ಟ್ಯಾಫಿಲೊಕಾಕಸ್ ಹೊಮಿನಿಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಒಡೆದಾಗ ಈರುಳ್ಳಿಯಂಥ ಗಂಧಕದ ವಾಸನೆ. ಎಬಿಸಿಸಿ11 ಎಂಬ ಜೀನ್‌ನ ಒಂದು ರೂಪ ಇರುವವರಲ್ಲಿ ಈ ಕಚ್ಚಾವಸ್ತುವೇ ಸರಿಯಾಗಿ ಹೊರಬರದ ಕಾರಣ ಕಂಕುಳು ನಾರುವುದು ತೀರಾ ಕಡಿಮೆ. ಪೂರ್ವ ಏಷ್ಯಾದಲ್ಲಿ ಅಂಥವರೇ ಹೆಚ್ಚು.

ಅಲ್ಯೂಮಿನಿಯಂ ಮಾಡುವ ಕೆಲಸ

ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್‌ನಂಥ ಲವಣಗಳು ಬೆವರಿನಲ್ಲಿ ಕರಗಿ, ಎಕ್ರೈನ್ ನಾಳದ ಬಾಯಿಯ ಹತ್ತಿರ ಲೋಳೆಯಂತೆ ಗಟ್ಟಿಯಾಗಿ ಬಿರಡೆ ಹಾಕುತ್ತವೆ. ಚರ್ಮದ ಮೇಲ್ಪದರ ಉದುರಿದಂತೆ ಬಿರಡೆಯೂ ಹೋಗುತ್ತದೆ. ಹಚ್ಚಲು ಒಳ್ಳೆಯ ಹೊತ್ತು ಬೆಳಿಗ್ಗೆಯಲ್ಲ, ರಾತ್ರಿ ಮಲಗುವ ಮುನ್ನ: ಆಗ ಬೆವರು ಕಡಿಮೆ, ಬಿರಡೆ ಕೂರಲು ಸಮಯ ಸಿಗುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೂ ಒಳಗೆ ಕೂತದ್ದು ತೊಳೆದುಹೋಗದು. ಚರ್ಮ ಪೂರ್ತಿ ಒಣಗಿರಬೇಕು. ಅತಿಬೆವರಿಗೆ ಕೊಡುವ ಅಲ್ಯೂಮಿನಿಯಂ ಕ್ಲೋರೈಡ್ ನೀರಿನೊಂದಿಗೆ ಸೇರಿದರೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಉರಿ, ಕೆಂಪು, ಬಟ್ಟೆ ಹಾಳಾಗುವುದು ಎಲ್ಲವೂ ಅದರಿಂದಲೇ. ಕೂದಲು ತೆಗೆದ ದಿನ ಇದನ್ನು ಹಚ್ಚಬೇಡಿ.

ಭಯಗಳು ಮತ್ತು ಪುರಾವೆ

ಸ್ತನ ಕ್ಯಾನ್ಸರ್: ಆಂಟಿಪರ್ಸ್ಪಿರಂಟ್‌ನಿಂದ ಇದು ಬರುತ್ತದೆ ಎಂಬ ಭಯವಿದೆ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನ 813 ರೋಗಿಗಳನ್ನೂ 793 ಆರೋಗ್ಯವಂತ ಮಹಿಳೆಯರನ್ನೂ ಹೋಲಿಸಿತು, ಆಂಟಿಪರ್ಸ್ಪಿರಂಟ್ ಬಳಕೆಗೂ ರೋಗಕ್ಕೂ ನಂಟು ಕಾಣಲಿಲ್ಲ. 2004ರಲ್ಲಿ ಸ್ತನದ ಗೆಡ್ಡೆಗಳ 20 ಮಾದರಿಗಳಲ್ಲಿ ಪ್ಯಾರಾಬೆನ್ (ಸೌಂದರ್ಯವರ್ಧಕಗಳು ಕೆಡದಂತೆ ಬೆರೆಸುವ ರಾಸಾಯನಿಕ) ಸಿಕ್ಕಿತೆಂಬುದು ದೊಡ್ಡ ಸುದ್ದಿಯಾಯಿತು. ಆದರೆ ಅದು ಆರೋಗ್ಯವಂತ ಅಂಗಾಂಶದೊಂದಿಗೆ ಹೋಲಿಸಿರಲಿಲ್ಲ. ಪ್ಯಾರಾಬೆನ್ ಎಲ್ಲಿಂದ ಬಂತೆಂದೂ ತೋರಿಸಿರಲಿಲ್ಲ. 2017ರ ಆಸ್ಟ್ರಿಯಾದ ಅಧ್ಯಯನ ಮಾತ್ರ, 30 ವರ್ಷಕ್ಕೆ ಮೊದಲೇ ದಿನಕ್ಕೆ ಹಲವು ಬಾರಿ ಬಳಸಿದೆವು ಎಂದವರಲ್ಲಿ ನಂಟು ಕಂಡಿತು. ಬಳಕೆಯ ಲೆಕ್ಕ ನೆನಪಿನಿಂದ ಹೇಳಿದ್ದು, ಅದೂ ರೋಗ ಪತ್ತೆಯಾದ ಮೇಲೆ. ಹಾಗಾಗಿ ಅದನ್ನು ತಳ್ಳಿಹಾಕುವಂತೆಯೂ ಇಲ್ಲ, ತೀರ್ಪೆಂದು ಒಪ್ಪುವಂತೆಯೂ ಇಲ್ಲ. ಗೆಡ್ಡೆಗಳು ಕಂಕುಳ ಕಡೆಗೇ ಹೆಚ್ಚೆಂಬ ವಾದಕ್ಕೆ ಉತ್ತರ ಸರಳ: ಸ್ತನದ ಆ ಭಾಗದಲ್ಲೇ ಗ್ರಂಥಿ ಅಂಗಾಂಶ ಜಾಸ್ತಿ.

ಹೀರಿಕೆ: 2001ರಲ್ಲಿ ಇಬ್ಬರ ಮೇಲೆ ನಡೆದ ಪ್ರಯೋಗದಲ್ಲಿ ಹಚ್ಚಿದ ಅಲ್ಯೂಮಿನಿಯಂನಲ್ಲಿ ಶೇ. 0.012ರಷ್ಟು ಮಾತ್ರ ಚರ್ಮದ ಮೂಲಕ ಒಳಹೋಯಿತು. ಹೊಸ ಮಾಹಿತಿ ಬಂದ ಮೇಲೆ ಐರೋಪ್ಯ ಒಕ್ಕೂಟದ ಗ್ರಾಹಕ ಸುರಕ್ಷತಾ ಸಮಿತಿ 2020ರಲ್ಲಿ, ಸ್ಪ್ರೇ ಅಲ್ಲದ ಉತ್ಪನ್ನಗಳಲ್ಲಿ ಶೇ. 6.25ರವರೆಗೆ, ಸ್ಪ್ರೇಗಳಲ್ಲಿ ಶೇ. 10.60ರವರೆಗೆ ಅಲ್ಯೂಮಿನಿಯಂ ಸುರಕ್ಷಿತ ಎಂದಿತು.

ಮೂತ್ರಪಿಂಡ: ನಿಜಕ್ಕೂ ಗಮನ ಕೊಡಬೇಕಾದದ್ದು ಇಲ್ಲಿ. ದೇಹಕ್ಕೆ ಸೇರಿದ ಅಲ್ಯೂಮಿನಿಯಂ ಹೊರಹೋಗುವುದು ಮೂತ್ರದ ಮೂಲಕ. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಂ ರೋಗಿಗಳ ಮಿದುಳಿಗೆ ಹಾನಿ ಮಾಡಿತ್ತು. ಅದು ರಕ್ತಕ್ಕೆ ನೇರವಾಗಿ ಸೇರಿದ ಪ್ರಕರಣ, ಕಂಕುಳಿನ ಲೆಕ್ಕವಲ್ಲ. ಆದರೂ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕೆಂಬ ಎಚ್ಚರಿಕೆ ಅಮೆರಿಕದ ಲೇಬಲ್‌ಗಳಲ್ಲಿ ಕಡ್ಡಾಯ. ಇನ್ನೊಂದು ಸಣ್ಣ ವಿಷಯ: ಮ್ಯಾಮೊಗ್ರಾಂ (ಸ್ತನದ ಎಕ್ಸ್-ರೇ) ದಿನ ಏನನ್ನೂ ಹಚ್ಚದೆ ಹೋಗಿ, ಲೋಹದ ಕಣಗಳು ಚಿತ್ರದಲ್ಲಿ ಕ್ಯಾಲ್ಸಿಯಂ ಚುಕ್ಕೆಗಳಂತೆ ಕಾಣಬಹುದು.

ನೈಸರ್ಗಿಕ ದಾರಿಗಳು, ಅವು ಕೆಡುವ ಕಡೆಗಳು

ಪಟಿಕದ ಹರಳನ್ನು ‘ಅಲ್ಯೂಮಿನಿಯಂ ಇಲ್ಲದ್ದು’ ಎಂದು ಮಾರುವುದುಂಟು. ಪಟಿಕ ಅಂದರೇ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂನ ಸಲ್ಫೇಟ್. ಬ್ಯಾಕ್ಟೀರಿಯಾ ತಡೆಯಲು ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಬೇಡ ಎಂಬವರಿಗೆ ಮಾತ್ರ ಅದು ಉತ್ತರವಲ್ಲ.

ಅಡುಗೆ ಸೋಡಾ ಆಮ್ಲಗಳ ವಾಸನೆಯನ್ನು ತಟಸ್ಥಗೊಳಿಸುತ್ತದೆ. ಆದರೆ ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕಡಿಮೆಯಾದರೆ ಆಮ್ಲ) ಸುಮಾರು 8.3, ಚರ್ಮ ಇರುವುದು ಆಮ್ಲೀಯ ಮಟ್ಟದಲ್ಲಿ. ದಿನವೂ ಹಚ್ಚಿದರೆ ಕೆಲವು ವಾರಗಳಲ್ಲಿ ಕೆಂಪಾಗಿ ಸಿಪ್ಪೆ ಏಳುವುದು ಈ ವ್ಯತ್ಯಾಸದಿಂದ. ಮನೆಯಲ್ಲೇ ಮಾಡುವುದಾದರೆ ಅದು ಕಡಿಮೆ ಇರಲಿ: 3 ದೊಡ್ಡ ಚಮಚ ಕೊಬ್ಬರಿ ಎಣ್ಣೆ, 2 ದೊಡ್ಡ ಚಮಚ ಕಾರ್ನ್‌ಫ್ಲೋರ್, 1 ಟೀ ಚಮಚ ಸೋಡಾ. ಹಿಟ್ಟು ಮತ್ತು ಸೋಡಾವನ್ನು ಮೊದಲು ಜರಡಿ ಹಿಡಿಯಿರಿ, ಹರಳು ಉಳಿದರೆ ಚರ್ಮ ತರಚುತ್ತದೆ. ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕರಗುತ್ತದೆ. ಸೆಕೆಯಲ್ಲಿ ಹಿಟ್ಟು ತಳಕ್ಕೆ ಕೂರದಂತೆ 1 ಟೀ ಚಮಚ ಜೇನುಮೇಣ ಕರಗಿಸಿ ಬೆರೆಸಿ. ಕಡಲೆಕಾಳಿನಷ್ಟು ಸಾಕು, ಹೆಚ್ಚಾದರೆ ಬಟ್ಟೆಗೆ ಜಿಡ್ಡು. ಸುಗಂಧತೈಲ ಬೇಕೇ ಬೇಕೆಂದರೆ 10 ಹನಿ ದಾಟಿಸಬೇಡಿ. ಹಳೆಯದಾಗಿ ಗಾಳಿ ಕುಡಿದ ಟೀ ಟ್ರೀ ಎಣ್ಣೆ ಅಲರ್ಜಿಗೆ ದಾರಿ. ಯಾವುದನ್ನೇ ಆಗಲಿ ಮೊದಲು ಮುಂಗೈಯ ಒಳಭಾಗದಲ್ಲಿ ದಿನಕ್ಕೆರಡು ಬಾರಿ, ಒಂದು ವಾರ ಹಚ್ಚಿ ನೋಡಿ. ಒಂದೇ ದಿನದ ಪರೀಕ್ಷೆ ಉರಿಯನ್ನು ತೋರಿಸಬಹುದು, ನಿಧಾನವಾಗಿ ಬರುವ ಅಲರ್ಜಿಯನ್ನಲ್ಲ.

ನಿಂಬೆರಸ ಬೇಡ. ಪಿಎಚ್ ಸುಮಾರು 2. ಮೇಲೆ ಬಿಸಿಲು ಬಿದ್ದರೆ ಸುಟ್ಟಂಥ ಕಲೆ ಉಳಿಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಸರಿಯಾಗಿ ತೊಳೆದುಕೊಳ್ಳುವುದು. ಕಂಕುಳಿಗೆ ಸೋಪಿನ ನೊರೆ ಸುಮ್ಮನೆ ತಾಗಿಸದೆ ಬೆರಳಿನಿಂದ ಉಜ್ಜಿ, ತೊಳೆದು, ಒತ್ತಿ ಒರೆಸಿ, ಒಣಗಿದ ಮೇಲೆ ಬಟ್ಟೆ ಹಾಕಿ. ಕೂದಲು ಗಿಡ್ಡವಿದ್ದರೆ ಸೋಪು ಚರ್ಮಕ್ಕೆ ತಲುಪುತ್ತದೆ. ಇದಕ್ಕೂ ಬಗ್ಗದ ನಾತಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಶೇ. 4ರಿಂದ 5ರ ಬೆಂಜಾಯ್ಲ್ ಪೆರಾಕ್ಸೈಡ್ ವಾಶ್ ಇದೆ, ನೈಸರ್ಗಿಕವೇನಲ್ಲ: ಒಂದೆರಡು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ, ವಾರಕ್ಕೆ ಎರಡು ಮೂರು ಬಾರಿ ಸಾಕು. ಬಣ್ಣದ ಟವೆಲ್ ದೂರವಿಡಿ, ಅದರ ಬಣ್ಣ ಹೋಗುತ್ತದೆ. ನಾತ ದಿಢೀರನೆ ಬದಲಾದರೆ, ಮೀನಿನ ವಾಸನೆ ಬಂದರೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರಿದರೆ ಪ್ರಯೋಗ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಆಂಟಿಪರ್ಸ್ಪಿರಂಟ್ ಬಿಟ್ಟ ಮೊದಲ ದಿನಗಳಲ್ಲಿ ನಾತ ಏರಿದರೆ ಅದು ‘ವಿಷ ಹೊರಹೋಗುತ್ತಿರುವ’ ಲಕ್ಷಣವಲ್ಲ. ಬಿರಡೆ ಹೋಗಿ ತೇವ ಮರಳಿದೆ, ಬ್ಯಾಕ್ಟೀರಿಯಾ ಹೆಚ್ಚಿದೆ. ಜೇಡಿಮಣ್ಣಿನ ಲೇಪ ಹಚ್ಚಿ ಕಾಯುವುದರಿಂದ ಅದಕ್ಕೇನೂ ಆಗದು.

ಮೈ ಸ್ವಚ್ಛವಿದ್ದೂ ಅಂಗಿ ತೊಟ್ಟ ಅರ್ಧ ಗಂಟೆಯಲ್ಲೇ ನಾತ ಬಂದರೆ ದೋಷ ಬಟ್ಟೆಯದು. ಪಾಲಿಯೆಸ್ಟರ್ ಹತ್ತಿಗಿಂತ ಹೆಚ್ಚು ನಾರುತ್ತದೆ: ಜಿಡ್ಡಿನ ಅಂಶವನ್ನು ಹಿಡಿದುಕೊಳ್ಳುತ್ತದೆ, ವಾಸನೆ ಹುಟ್ಟಿಸುವ ಸೂಕ್ಷ್ಮಾಣುಗಳೂ ಅದರಲ್ಲಿ ಚೆನ್ನಾಗಿ ಬೆಳೆಯುತ್ತವೆ. ಬೆವರಿದ ಬಟ್ಟೆಯನ್ನು ಮುದ್ದೆಮಾಡಿ ಇಡಬೇಡಿ, ಒಳಭಾಗ ಹೊರಗೆ ಮಾಡಿ ಬೇಗ ಒಗೆಯಿರಿ. ಹತ್ತಿಯದಾಗಿದ್ದು ಲೇಬಲ್ ಒಪ್ಪಿದರೆ 60 ಡಿಗ್ರಿ ನೀರು ಒಳ್ಳೆಯದು. ಸಾಫ್ಟನರ್ ಬಿಡಿ, ಅದರ ಪದರ ನಾತವನ್ನು ನೂಲಿನಲ್ಲೇ ಹಿಡಿದಿಡುತ್ತದೆ.