ಟೈಮ್‌ಲೈನ್ ಯಾಕೆ ತಡವರಿಸುತ್ತದೆ?

ಕಳೆದ ವರ್ಷ ಅಕ್ಕನ ಮಗ ಫೋನ್ ಮಾಡಿದ್ದ. ದನಿಯಲ್ಲೇ ಬೇಸರ ಗೊತ್ತಾಗುತ್ತಿತ್ತು. ಕುಂದಾಪುರದ ಕಡೆ ಯಕ್ಷಗಾನದ ಆಟಗಳನ್ನು ರಾತ್ರಿಯಿಡೀ ಶೂಟ್ ಮಾಡುವ ಹುಡುಗ ಅವನು. ಕೂಡಿಟ್ಟ ದುಡ್ಡಲ್ಲಿ ಒಂದು ಡೆಸ್ಕ್‌ಟಾಪ್ ಜೋಡಿಸಿಕೊಂಡಿದ್ದ. ಅರ್ಧಕ್ಕಿಂತ ಜಾಸ್ತಿ ಹಣ ಗ್ರಾಫಿಕ್ಸ್ ಕಾರ್ಡಿಗೇ ಹೋಗಿತ್ತು. ಗೇಮ್‌ಗಳು ಸಲೀಸಾಗಿ ಓಡುತ್ತಿದ್ದವು. ತನ್ನ ಕ್ಯಾಮೆರಾದ ಫುಟೇಜನ್ನು ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿದರೆ ಮಾತ್ರ, ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿ, ಅಂದರೆ ಟೈಮ್‌ಲೈನ್ ನಿಂತು ನಿಂತು ಹೋಗುತ್ತಿತ್ತು. "ಮಾವ, ಇನ್ನೂ ದೊಡ್ಡ ಕಾರ್ಡ್ ಹಾಕಿಸ್ಬೇಕಾ?" ಅಂತ ಕೇಳಿದ.

ಬೇಡ ಅಂದೆ. ಯಾಕೆ ಅಂತ ತಿಳಿಯಬೇಕಾದರೆ ವಿಡಿಯೊ ಫೈಲಿನ ಒಳಗೆ ಏನಿದೆ ಅಂತ ನೋಡಬೇಕು.

4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಚುಕ್ಕಿಗೆ 3 ಬೈಟ್ ಹಿಡಿದರೆ ಒಂದು ಫ್ರೇಮಿಗೆ 25 ಎಂಬಿ. ಸೆಕೆಂಡಿಗೆ 30 ಫ್ರೇಮ್ ಅಂದರೆ ಹತ್ತಿರಹತ್ತಿರ 750 ಎಂಬಿ. ಹಾಗೇ ಬರೆದಿಟ್ಟರೆ 1 ಟಿಬಿ ಡಿಸ್ಕ್ 22 ನಿಮಿಷಕ್ಕೇ ತುಂಬಿಹೋಗುತ್ತದೆ!

ಅದಕ್ಕೇ ಕ್ಯಾಮೆರಾ ಅದನ್ನು ಹಿಂಡಿ ಇಡುತ್ತದೆ. 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265 ಹಾಗೆ ಹಿಂಡುವ ವಿಧಾನಗಳು. ಯಕ್ಷಗಾನದ ರಂಗಸ್ಥಳವನ್ನೇ ನೆನೆಸಿಕೊಳ್ಳಿ. ಹಿಂದಿನ ಪರದೆ ಕದಲುವುದಿಲ್ಲ. ಭಾಗವತರು ಕೂತ ಜಾಗ ಬದಲಾಗುವುದಿಲ್ಲ. ಕುಣಿಯುವುದು ವೇಷ ಮಾತ್ರ. ಹಾಗಿದ್ದ ಮೇಲೆ ಪ್ರತಿ ಫ್ರೇಮಿನಲ್ಲೂ ಪರದೆಯನ್ನು ಮತ್ತೆ ಯಾಕೆ ಬರೆಯಬೇಕು, ಅಲ್ವಾ? ಆಗೊಂದು ಈಗೊಂದು ಫ್ರೇಮನ್ನು ಪೂರ್ತಿ ಬರೆದು, ನಡುವಿನವುಗಳಲ್ಲಿ ಏನು ಬದಲಾಯಿತು ಅನ್ನುವುದನ್ನಷ್ಟೇ ಬರೆದಿಡುತ್ತಾರೆ. ಇದು ನಿಜಕ್ಕೂ ಬಹಳ ಚೆಂದದ ಉಪಾಯ.

ಸುಮ್ನೆ ಕೂತು ನೋಡುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಕಷ್ಟ ಇರುವುದು ಎಡಿಟ್ ಮಾಡುವವರಿಗೆ. ನೀವು ನಡುವಿನ ಒಂದು ಫ್ರೇಮಿನ ಮೇಲೆ ಮೌಸ್ ಇಟ್ಟರೆ, ಆ ಫ್ರೇಮ್ ಅಲ್ಲಿ ಪೂರ್ತಿಯಾಗಿ ಇರುವುದೇ ಇಲ್ಲ. ಕಂಪ್ಯೂಟರ್ ಹಿಂದಿನ ಪೂರ್ತಿ ಫ್ರೇಮಿಗೆ ಹೋಗಿ, ಅಲ್ಲಿಂದ ಒಂದೊಂದೇ ಬದಲಾವಣೆ ಸೇರಿಸುತ್ತಾ ಬರಬೇಕು. ಹಿಮ್ಮುಖವಾಗಿ ಎಳೆದರಂತೂ ಕೆಲಸ ಇನ್ನೂ ಹೆಚ್ಚು.

ಈ ಬಿಚ್ಚುವ ಕೆಲಸಕ್ಕೆಂದೇ ಚಿಪ್ಪಿನೊಳಗೆ ಪುಟ್ಟದೊಂದು ಬೇರೆ ಭಾಗ ಇರುತ್ತದೆ. ಅದೇ ಡಿಕೋಡರ್. ಗೇಮಿನ ದೃಶ್ಯ ಬಿಡಿಸುವ ಭಾಗವೇ ಬೇರೆ, ಇದೇ ಬೇರೆ. ಡಿಕೋಡರಿಗೆ ನಿಮ್ಮ ಫೈಲಿನ ಬಗೆ ಗೊತ್ತಿಲ್ಲದಿದ್ದರೆ ಕಾರ್ಡ್ ಎಷ್ಟೇ ದುಬಾರಿಯಾದರೂ ಆ ಹೊರೆಯೆಲ್ಲ ಪ್ರೊಸೆಸರ್ ತಲೆಗೆ ಬೀಳುತ್ತದೆ. ನಮ್ಮ ಹುಡುಗನಿಗೆ ಆಗಿದ್ದೂ ಇದೇ. ಅವನ ಕ್ಯಾಮೆರಾ 10 ಬಿಟ್ 4:2:2 ಬಗೆಯ ಎಚ್.265 ಬರೆಯುತ್ತಿತ್ತು. 10 ಬಿಟ್ ಅಂದರೆ ಬಣ್ಣದ ಹೆಚ್ಚು ಛಾಯೆಗಳು. 4:2:2 ಅನ್ನುವುದು ಎಷ್ಟು ಚುಕ್ಕಿಗೊಂದು ಬಣ್ಣ ಬರೆದಿಡಬೇಕು ಅನ್ನುವ ಲೆಕ್ಕ. ನಮ್ಮ ಕಣ್ಣು ಬೆಳಕಿನ ವ್ಯತ್ಯಾಸ ಗುರುತಿಸಿದಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸ ಗುರುತಿಸುವುದಿಲ್ಲ. ಹಾಗಾಗಿ ಸಾಮಾನ್ಯ ಮೊಬೈಲ್ ವಿಡಿಯೊ ನಾಲ್ಕು ಚುಕ್ಕಿಗೆ ಸೇರಿಸಿ ಒಂದೇ ಬಣ್ಣದ ಲೆಕ್ಕ ಇಡುತ್ತದೆ. ಅದು 4:2:0. 4:2:2ರಲ್ಲಿ ಎರಡು ಚುಕ್ಕಿಗೊಂದು ಲೆಕ್ಕ. ವೇಷದ ಕೆಂಪು, ಹಳದಿ ತಿದ್ದುವಾಗ ಇದರಿಂದ ಒಳ್ಳೆಯ ಅನುಕೂಲ. ಆದರೆ ಇದನ್ನು ಬಿಚ್ಚುವ ಡಿಕೋಡರ್ ಎಲ್ಲ ಕಾರ್ಡಿನಲ್ಲೂ ಇರುವುದಿಲ್ಲ. ಎನ್‌ವಿಡಿಯಾ ಕಾರ್ಡ್‌ಗಳಿಗೆ ಅದು ಬಂದಿದ್ದು 2025ರ 50 ಸರಣಿಯಲ್ಲಿ. ಇಂಟೆಲ್‌ನ 11ನೇ ಪೀಳಿಗೆಯಿಂದೀಚೆಗೆ ಡೆಸ್ಕ್‌ಟಾಪ್ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲೇ ಅದಿದೆ. ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರ ಇದ್ದರೆ ಮಾತ್ರ ಹುಷಾರು. ಆ ಪ್ರೊಸೆಸರುಗಳಲ್ಲಿ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ. ಸ್ವಲ್ಪ ದುಡ್ಡು ಉಳಿಯುತ್ತದೆ ಅಂತ ಅದನ್ನೇ ಕೊಳ್ಳುವವರು ತುಂಬ ಜನ.

ಹಾಗಂತ ಗ್ರಾಫಿಕ್ಸ್ ಕಾರ್ಡ್ ಬೇಡ ಅಂತಲ್ಲ. ಬಣ್ಣ ತಿದ್ದಲು, ರಾತ್ರಿಯ ಫುಟೇಜಿನ ನಾಯ್ಸ್ (ಕತ್ತಲಲ್ಲಿ ಕಾಣುವ ಕಾಳುಕಾಳು ಚುಕ್ಕಿ) ತೆಗೆಯಲು ಅದು ಬೇಕೇ ಬೇಕು. ಮೊದಲು ನಿಮ್ಮ ಕ್ಯಾಮೆರಾ ಏನು ಬರೆಯುತ್ತದೆ ನೋಡಿ, ಆಮೇಲೆ ಕಾರ್ಡಿನ ಮಾತು.

ರ್‍ಯಾಮ್ 32 ಜಿಬಿ ಇದ್ದರೆ ನೆಮ್ಮದಿ. ಒಂದೇ ಸ್ಟಿಕ್ ಬದಲು 16ರ ಎರಡು ಹಾಕಿಸಿ. ಆಗ ಎರಡು ದಾರಿಯಲ್ಲಿ ಡೇಟಾ ಓಡಾಡುತ್ತದೆ. ಡಿಸ್ಕಿನ ಲೆಕ್ಕ ಸ್ವಲ್ಪ ಜಾಸ್ತಿ ಯೋಚಿಸಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಆರು ಗಂಟೆಯ ಆಟ ಶೂಟ್ ಮಾಡಿದರೆ 270 ಜಿಬಿ ಆಗುತ್ತದೆ. ಅದೂ ಒಂದೇ ಕ್ಯಾಮೆರಾದ್ದು. ಎರಡು ಮೂರು ಕ್ಯಾಮೆರಾದ ಫೈಲುಗಳನ್ನು ಒಟ್ಟಿಗೆ ಓದುವಾಗ ಹಳೇ ಹಾರ್ಡ್ ಡಿಸ್ಕಿನ ಮುಳ್ಳು ಅತ್ತಿಂದಿತ್ತ ಓಡಾಡಬೇಕು. ಒಂದೊಂದು ಓಡಾಟಕ್ಕೂ ಸುಮಾರು 10 ಮಿಲಿಸೆಕೆಂಡ್ ಹೋಗುತ್ತದೆ. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲ. ಹಾಗಾಗಿ ನಡೆಯುತ್ತಿರುವ ಕೆಲಸ ಎಸ್‌ಎಸ್‌ಡಿಯಲ್ಲಿರಲಿ, ಮುಗಿದದ್ದು ಹಾರ್ಡ್ ಡಿಸ್ಕಿಗೆ ಹೋಗಲಿ. ಜೊತೆಗೊಂದು ಯುಪಿಎಸ್ ಇಟ್ಟುಕೊಳ್ಳಿ. ನಾಲ್ಕು ಗಂಟೆಯ ರೆಂಡರ್ (ಎಡಿಟ್ ಆದದ್ದನ್ನು ಒಂದೇ ವಿಡಿಯೊ ಫೈಲಾಗಿ ಬರೆಯುವ ಕೆಲಸ) ಮಧ್ಯದಲ್ಲಿ ಕರೆಂಟ್ ಹೋದಾಗಿನ ಸಂಕಟ ಯಾರಿಗೂ ಬೇಡ.

ಅಕ್ಕನ ಮಗ ಹೊಸದೇನೂ ಕೊಳ್ಳಲಿಲ್ಲ. ಪ್ರಾಕ್ಸಿ ಮಾಡಿಕೊಳ್ಳಲು ಹೇಳಿಕೊಟ್ಟೆ. ಅಂದರೆ ಪ್ರತಿ ಫೈಲಿಗೂ ಚಿಕ್ಕ ಅಳತೆಯ, ಎಲ್ಲ ಫ್ರೇಮೂ ಪೂರ್ತಿ ಇರುವ ಒಂದು ನಕಲು. ಎಡಿಟ್ ಮಾಡುವುದು ನಕಲಿನ ಮೇಲೆ, ಕೊನೆಯ ರೆಂಡರ್ ಮೂಲ ಫೈಲಿನಿಂದ. ರಾತ್ರಿ ಪ್ರಾಕ್ಸಿ ಮಾಡಲು ಬಿಟ್ಟು ಮಲಗುತ್ತಾನೆ, ಬೆಳಿಗ್ಗೆ ಎದ್ದು ಎಡಿಟಿಂಗಿಗೆ ಕೂರುತ್ತಾನೆ.

ನೀವು ಇನ್ನೂ ಕೊಂಡಿಲ್ಲವಾದರೆ, ಬೆಂಗಳೂರಿನ ಎಸ್.ಪಿ. ರೋಡಿಗಾಗಲಿ ನಿಮ್ಮೂರಿನ ಅಂಗಡಿಗಾಗಲಿ ಹೋಗುವಾಗ ನಿಮ್ಮದೇ ಫುಟೇಜ್ ಒಂದು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅದನ್ನು ಅಲ್ಲಿನ ಕಂಪ್ಯೂಟರಿಗೆ ಕಾಪಿ ಮಾಡಿ, ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು, ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿ.