ಬರೆಯೋದು ಡಾಲ್‌ಝಿಯೆಲ್, ಓದೋದು ಡೀಎಲ್: ಒಂದು ಸ್ಕಾಟಿಷ್ ಮನೆತನದ ಹೆಸರು

ಇಂಗ್ಲಿಷಿನಲ್ಲಿ ಈ ಹೆಸರಿಗೆ ಏಳು ಅಕ್ಷರ: ಡಿ, ಎ, ಎಲ್, ಝಡ್, ಐ, ಇ, ಎಲ್. ನಾವು ಓದಿದರೆ 'ಡಾಲ್‌ಝಿಯೆಲ್' ಅಂತ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ಹೇಳುವುದು 'ಡೀಎಲ್', ಒತ್ತು ಕೊನೆಯ 'ಎಲ್' ಮೇಲೆ. ನಡುವಿನ ಎಲ್ ಕೇಳಿಸುವುದಿಲ್ಲ, ಝಡ್ ಅಂತೂ ಇಲ್ಲವೇ ಇಲ್ಲ. ಮನೆತನದ ಹೆಸರುಗಳ ಇತಿಹಾಸ ಓದಲು ಈಗಷ್ಟೇ ಶುರು ಮಾಡಿದವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಆ ಝಡ್ ಎಲ್ಲಿಂದ ಬಂತು ಅಂತ ಹಿಡಿದುಕೊಂಡರೆ ಸಾಕು. ಹೆಸರಿನ ಅರ್ಥ, ಅದಕ್ಕೆ ಅಂಟಿಕೊಂಡ ಕಟ್ಟುಕತೆ, ಬಗೆಬಗೆಯ ಸ್ಪೆಲ್ಲಿಂಗು ಎಲ್ಲವೂ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಊರು ಮೊದಲು, ಮನೆತನ ಆಮೇಲೆ

ಇದು ಊರಿನಿಂದ ಬಂದ ಹೆಸರು. ಗ್ಲಾಸ್ಗೋದ ಆಗ್ನೇಯಕ್ಕೆ ಲ್ಯಾನಾರ್ಕ್‌ಷೈರ್ ಇದೆ. ಅಲ್ಲಿ ಕ್ಲೈಡ್ ನದಿಯ ದಡದಲ್ಲಿ ಡೀಎಲ್ ಅನ್ನುವ ಜಹಗೀರು ಇತ್ತು. ಆ ಜಾಗದಲ್ಲಿ ಈಗ ಮದರ್‌ವೆಲ್ ಪಟ್ಟಣ ಬೆಳೆದಿದೆ. ಸ್ಕಾಟ್ಲೆಂಡಿನ ಹಳೆಯ ಭಾಷೆಯಾದ ಗೇಲಿಕ್‌ನಲ್ಲಿ 'ದಲ್' ಅಂದರೆ ಹೊಳೆಬದಿಯ ಹುಲ್ಲುಗಾವಲು. ಅದರ ಮುಂದೆ 'ಬಿಳಿ' ಅನ್ನುವ ಅರ್ಥದ, ಗಕಾರದಿಂದ ಶುರುವಾಗುವ ಪದ ಬಂದಾಗ ಆ ಗಕಾರ ಮೆತ್ತಗಾಗಿ 'ಯಿಲ್' ಎಂದು ಕೇಳುತ್ತದೆ. ಎರಡೂ ಸೇರಿ 'ದಲ್-ಯಿಲ್', ಬಿಳಿ ಹುಲ್ಲುಗಾವಲು. ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅರ್ಥ ಇದೇ. 1872ರಲ್ಲಿ ಡೇವಿಡ್ ಕಾಲ್ವಿಲ್ ಅನ್ನುವ ಉದ್ಯಮಿ ಕಬ್ಬಿಣ-ಉಕ್ಕಿನ ಕಾರ್ಖಾನೆ ಹಾಕಿದ್ದು ಈ ಬಿಳಿ ಹುಲ್ಲುಗಾವಲಿನ ಸೀಮೆಯಲ್ಲೇ, ಅದಕ್ಕೆ ಇಟ್ಟದ್ದೂ ಇದೇ ಹೆಸರು. ಆಮೇಲೆ ಅಲ್ಲಿ ಎಷ್ಟು ಬಿಳಿ ಉಳಿದಿರಬಹುದು, ನೀವೇ ಯೋಚಿಸಿ.

1296ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಸ್ಕಾಟ್ಲೆಂಡಿನ ಜಮೀನುದಾರರಿಂದ ನಿಷ್ಠೆಯ ಪ್ರಮಾಣ ಮಾಡಿಸಿ ಪಟ್ಟಿ ಬರೆಸಿದ. ಅದಕ್ಕೆ ರ‍್ಯಾಗ್‌ಮನ್ ರೋಲ್ ಅಂತ ಹೆಸರು. ಅದರಲ್ಲಿ ಲ್ಯಾನಾರ್ಕ್‌ಷೈರ್‌ನ ಥಾಮಸ್ ಒಬ್ಬ 'ದಾಲಿಯೆಲ್' ಊರಿನವನಾಗಿ ಕಾಣಿಸುತ್ತಾನೆ. ಆ ಬರಹದಲ್ಲಿ ಝಡ್ ಇಲ್ಲ. ಇದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಳೆದುಹೋದ ಅಕ್ಷರ

ಹಳೆಯ ಇಂಗ್ಲಿಷ್ ಮತ್ತು ಅದರ ನೆಂಟ ಭಾಷೆಯಾದ ಸ್ಕಾಟ್ಸ್ ಬರಹದಲ್ಲಿ 'ಯೋಗ್' ಅನ್ನುವ ಅಕ್ಷರ ಇತ್ತು. ನೋಡಲು 3 ಅಂಕಿಯನ್ನು ಸಾಲಿನಿಂದ ಸ್ವಲ್ಪ ಕೆಳಗೆ ಎಳೆದ ಹಾಗೆ. ಪದದ ಮೊದಲಿಗೆ ಬಂದರೆ ಅದರ ಉಚ್ಚಾರ ನಮ್ಮ 'ಯ'. ಸ್ಕಾಟ್ಸ್‌ನಲ್ಲಿ ಎಲ್ ಆದಮೇಲೆ ಬಂದರೆ 'ಲ್ಯ'ದಂಥ ಒಂದು ಧ್ವನಿ, ಎನ್ ಆದಮೇಲೆ ಬಂದರೆ ಹೆಚ್ಚುಕಡಿಮೆ ನಮ್ಮ 'ಞ'. ದಲ್-ಯಿಲ್ ಬರೆಯಲು ಎಲ್ ಪಕ್ಕ ಯೋಗ್ ಇಟ್ಟರೆ ಕೆಲಸ ಮುಗಿಯಿತು.

ತೊಂದರೆ ಶುರುವಾದದ್ದು ಅಚ್ಚಿನಿಂದ. ಎಡಿನ್‌ಬರೋದಲ್ಲಿ ಚೆಪ್‌ಮನ್ ಮತ್ತು ಮಿಲ್ಲರ್ ಅನ್ನುವವರು 1508ರಲ್ಲಿ ಮುದ್ರಣ ಆರಂಭಿಸಿದರು. ಆಗಿನ ಅಚ್ಚುಮೊಳೆಗಳು ಬರುತ್ತಿದ್ದದ್ದು ಯೂರೋಪಿನ ಬೇರೆ ದೇಶಗಳಿಂದ. ಅಲ್ಲಿಯವರಿಗೆ ಯೋಗ್ ಯಾಕೆ ಬೇಕು? ಮೊಳೆಯೇ ಇಲ್ಲ ಅಂದಮೇಲೆ ಅದನ್ನು ಹೋಲುವ ಬಾಲದ ಝಡ್ ಹಾಕಿ ಸುಧಾರಿಸಿದರು. ಕೈಬರಹದಲ್ಲೂ ಎರಡೂ ಒಂದೇ ಥರ ಕಾಣುತ್ತಿದ್ದವು. ಓದುವವರಿಗೆ ಸರಿಯಾದ ಉಚ್ಚಾರ ಗೊತ್ತಿದ್ದಷ್ಟು ಕಾಲ ಇದರಿಂದ ನಷ್ಟವೇನೂ ಆಗಲಿಲ್ಲ. ಅಕ್ಷರ ಮರೆತುಹೋದ ಮೇಲೆ ಝಡ್ ಒಂದೇ ಉಳಿಯಿತು.

ನಮ್ಮ ಪಕ್ಕದಲ್ಲೇ ಇಂಥದ್ದೊಂದು ಇದೆ. ಹಳಗನ್ನಡದ 'ೞ' ಈಗ ಬಳಕೆಯಲ್ಲಿಲ್ಲ, ಆದರೆ ಆ ಧ್ವನಿ ಮಲಯಾಳದಲ್ಲಿ ಉಳಿದಿದೆ. ಅದನ್ನು ಇಂಗ್ಲಿಷಿನಲ್ಲಿ ಝಡ್-ಎಚ್ ಹಾಕಿ ಬರೆಯುತ್ತಾರೆ. ಬೋರ್ಡು ನೋಡಿ 'ಆಲಪ್ಪುಝಾ' ಅಂತ ಓದಿದರೆ ಮಲಯಾಳಿಗಳು ನಗುತ್ತಾರೆ, ಅಲ್ವಾ? ಸ್ಕಾಟ್ಲೆಂಡಿನಲ್ಲಿ 'ಡಾಲ್‌ಝಿಯೆಲ್' ಅಂದರೂ ಅದೇ ಕತೆ.

ಹಾಗಾದರೆ ಎಲ್ ಎಲ್ಲಿಗೆ ಹೋಯಿತು? ಬಾಯಿಮಾತಿನಲ್ಲಿ 'ಲ್ಯ' ಸವೆದು ಬರೀ 'ಯ' ಉಳಿಯಿತು. ದಲ್ಯೆಲ್ ಹೋಗಿ ಡೀಯೆಲ್, ಅಲ್ಲಿಂದ ಡೀಎಲ್. ಏರ್‌ಷೈರ್‌ನ ಪ್ರಸಿದ್ಧ ಕೋಟೆಯೊಂದರ ಹೆಸರಿನಲ್ಲೂ ಎಲ್-ಝಡ್ ಜೋಡಿ ಇದೆ. ಅಲ್ಲಿ ಉಲ್ಟಾ ಆಗಿದೆ: ಯಕಾರ ಹೋಗಿ ಲಕಾರ ಉಳಿದಿದೆ, ಹೇಳುವುದು 'ಕಲೇನ್'. ಮೆನ್‌ಝೀಸ್ ಅಂತ ಬರೆಯುವ ಹೆಸರನ್ನು ಸ್ಕಾಟ್ಲೆಂಡಿನಲ್ಲಿ 'ಮಿಂಗಿಸ್' ಅನ್ನುತ್ತಾರೆ. ಶೆಟ್‌ಲ್ಯಾಂಡ್ ದ್ವೀಪಗಳ ಆಡಳಿತಕ್ಕೆ 1975ರವರೆಗೂ 'ಝೆಟ್‌ಲ್ಯಾಂಡ್' ಅಂತಲೇ ಹೆಸರಿತ್ತು. ಅಲ್ಲಿನ ಪೋಸ್ಟ್‌ಕೋಡು ಈಗಲೂ ಝಡ್-ಇ ಅಂತ ಶುರುವಾಗುತ್ತದೆ. ಅದೂ ಯೋಗ್‌ನದೇ ಪಳೆಯುಳಿಕೆ.

ಮೆಕೆಂಜಿ ಕೂಡ ಇದೇ ಗುಂಪಿನದು. 1799ರ ನಂತರ ಮೈಸೂರು ಸೀಮೆಯ ಸರ್ವೆ ಮಾಡಿಸಿ, ಕನ್ನಡದ ಕೈಫಿಯತ್ತುಗಳನ್ನು (ಊರೂರಿನ ಇತಿಹಾಸದ ಬರಹಗಳನ್ನು) ಶೇಖರಿಸಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. ಆ ಹೆಸರಿನ ಹಳೆಯ ಉಚ್ಚಾರ 'ಮಕಿಂಗೀ'ಗೆ ಹತ್ತಿರ. ಅಲ್ಲಿ ಮಾತ್ರ ಬರಹವೇ ಗೆದ್ದಿತು, ಈಗ ಎಲ್ಲರೂ ಝಡ್ ಸೇರಿಸಿಯೇ ಹೇಳುತ್ತಾರೆ. ಹಾಗಾಗಿ ಝಡ್ ಕಂಡಲ್ಲೆಲ್ಲ 'ಯ' ಅಂತ ಕಣ್ಣುಮುಚ್ಚಿ ಓದುವ ಹಾಗೂ ಇಲ್ಲ. ಒಂದೊಂದು ಹೆಸರನ್ನೂ ಬೇರೆಯಾಗಿಯೇ ವಿಚಾರಿಸಬೇಕು.

'ನಾನು ಧೈರ್ಯ ಮಾಡುತ್ತೇನೆ'

ಮನೆತನದವರು ಹೇಳಿಕೊಂಡು ಬಂದ ಕತೆ ಬೇರೆಯೇ ಇದೆ. ಕೆನೆತ್ ಅನ್ನುವ ದೊರೆಯ ಆಪ್ತನನ್ನು ಶತ್ರುಗಳು ನೇಣಿಗೆ ಹಾಕಿದರಂತೆ. ಹೆಣ ಇಳಿಸಿ ತಂದವರಿಗೆ ಬಹುಮಾನ ಅಂತ ದೊರೆ ಸಾರಿದ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಒಬ್ಬ ಎದ್ದು 'ದಲ್ ಝೆಲ್' ಅಂದನಂತೆ, ಅಂದರೆ 'ನಾನು ಧೈರ್ಯ ಮಾಡುತ್ತೇನೆ'. ಮನೆತನದ ಲಾಂಛನದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕೈ ಚಾಚಿದ ಬೆತ್ತಲೆ ಮನುಷ್ಯನಿದ್ದಾನೆ, ಧ್ಯೇಯವಾಕ್ಯವೂ 'ನಾನು ಧೈರ್ಯ ಮಾಡುತ್ತೇನೆ' ಅಂತಲೇ ಇದೆ.

ಕತೆ ಚೆನ್ನಾಗಿದೆ, ಒಪ್ಪೋಣ. ಆದರೆ ಗೇಲಿಕ್ ವರ್ಣಮಾಲೆಯಲ್ಲಿ ಇರುವುದೇ 18 ಅಕ್ಷರ, ಅದರಲ್ಲಿ ಝಡ್ ಇಲ್ಲ. ಆ ಮಾತಿಗೆ ಗೇಲಿಕ್‌ನಲ್ಲಿ ಆ ಅರ್ಥವೂ ಇಲ್ಲ. 1296ರ ಪಟ್ಟಿ ಮತ್ತೆ ನೋಡಿ, ಅಲ್ಲೂ ಝಡ್ ಇರಲಿಲ್ಲ. ಹೆಸರು ಮೊದಲೇ ಇತ್ತು, ಅದನ್ನು ವಿವರಿಸಲು ಕತೆ ಆಮೇಲೆ ಹುಟ್ಟಿತು. ಪರೀಕ್ಷೆಯಲ್ಲಿ ಕೇಳಿದರೆ ಇದನ್ನು ದಂತಕತೆ ಅಂತ ಬರೆಯಿರಿ, ಮೂಲ ಅಂತ ಬರೆಯಬೇಡಿ.

ಯಾರ‍್ಯಾರಿಗೆ ಇದೆ ಈ ಹೆಸರು

ಮುಖ್ಯ ಶಾಖೆಯವರು 1639ರಲ್ಲಿ ಕಾರ್ನ್‌ವಾತ್‌ನ ಅರ್ಲ್ (ದೊರೆ ಕೊಡುವ ಒಂದು ಪದವಿ) ಆದರು. ನನಗೆ ಅವರಿಗಿಂತ ಇಷ್ಟವಾಗುವುದು ಲಿನ್‌ಲಿತ್ಗೋ ಹತ್ತಿರದ 'ಬಿನ್ಸ್' ಮನೆಯವರು. ಇವರು ಝಡ್ ಬಿಟ್ಟು 'ವೈ' ಹಾಕಿ ಬರೆದರು. ಉಚ್ಚಾರ ಮಾತ್ರ ಅದೇ ಡೀಎಲ್. ಅವರಲ್ಲಿ ಹೆಸರುವಾಸಿ ಜನರಲ್ ಟಾಮ್ (1615–1685). 1649ರಲ್ಲಿ ಒಂದನೇ ಚಾರ್ಲ್ಸ್ ದೊರೆಯ ತಲೆ ಕಡಿದಾಗ, ಇನ್ನು ಗಡ್ಡ ತೆಗೆಯುವುದಿಲ್ಲ ಅಂತ ಹಟ ತೊಟ್ಟನಂತೆ. ವುಸ್ಟರ್ ಯುದ್ಧದಲ್ಲಿ ಸೆರೆಸಿಕ್ಕು, ಲಂಡನ್ ಟವರಿನಿಂದ ತಪ್ಪಿಸಿಕೊಂಡು, ರಷ್ಯಾದ ತ್ಸಾರನ ಸೈನ್ಯ ಸೇರಿದ. ವಾಪಸು ಬಂದು 1666ರಲ್ಲಿ ರುಲಿಯನ್ ಗ್ರೀನ್‌ನಲ್ಲಿ ಕವನಂಟರ್ (ದೊರೆಯ ಚರ್ಚು ನೀತಿಯನ್ನು ವಿರೋಧಿಸಿದ ಕ್ರೈಸ್ತ ಪಂಗಡ) ಬಂಡಾಯಗಾರರನ್ನು ಸೋಲಿಸಿದ. ಸೋತವರ ಕಡೆಯವರು ಅವನು ಸೈತಾನನ ಜೊತೆ ಇಸ್ಪೀಟು ಆಡುತ್ತಾನೆ ಅಂತ ಸುದ್ದಿ ಹಬ್ಬಿಸಿದರು. ಅದೇ ಮನೆತನದ ಟಾಮ್ ಡೀಎಲ್ 1962ರಿಂದ 2005ರವರೆಗೆ ಬ್ರಿಟಿಷ್ ಸಂಸದನಾಗಿದ್ದರು. ಸ್ಕಾಟ್ಲೆಂಡಿಗೆ ಬೇರೆ ಶಾಸನಸಭೆ ಬಂದಮೇಲೂ ಅಲ್ಲಿನ ಸಂಸದರು ಇಂಗ್ಲೆಂಡಿನ ವಿಷಯಕ್ಕೆ ಮತ ಹಾಕಬಹುದೇ ಅಂತ ಕೇಳಿದವರು ಇವರೇ. ಅದಕ್ಕೇ ಅದಕ್ಕೆ 'ವೆಸ್ಟ್ ಲೋದಿಯನ್ ಪ್ರಶ್ನೆ' ಅಂತ ಅವರ ಕ್ಷೇತ್ರದ ಹೆಸರು.

ಸ್ಮಿತ್, ಬ್ರೌನ್, ವಿಲ್ಸನ್ ಥರ ಬೀದಿಗೊಬ್ಬರು ಸಿಗುವ ಹೆಸರಲ್ಲ ಇದು. ಒಂದೇ ಊರಿನಿಂದ ಹುಟ್ಟಿದ ಹೆಸರುಗಳು ಹಾಗೆ ಹಬ್ಬುವುದು ಕಡಿಮೆ. ವಲಸೆ ಹೋದವರ ಜೊತೆ ಕಡಲು ದಾಟಿದೆ ಅಷ್ಟೇ: ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ 2013ರಿಂದ 2022ರವರೆಗೆ ಮೇಯರ್ ಆಗಿದ್ದವರು ಲಿಯಾನ್ ಡೀಎಲ್. ಫುಟ್‌ಬಾಲ್ ನೋಡುವವರಿಗೆ ಗಾರ್ಡನ್ ಡೀಎಲ್ ಗೊತ್ತಿರಬಹುದು. 1994ರ ಲೀಗ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ವಿರುದ್ಧ ಕೊನೆ ಗಳಿಗೆಯಲ್ಲಿ ಸಮ ಮಾಡಿದ ರೈತ್ ರೋವರ್ಸ್ ಆಟಗಾರ.

ಹಳೆಯ ದಾಖಲೆ ಹುಡುಕುವವರಿಗೆ ಒಂದು ಮಾತು. ಸ್ಕಾಟ್ಲೆಂಡಿನಲ್ಲಿ ಜನನ-ಮರಣ ನೋಂದಣಿ ಕಡ್ಡಾಯವಾದದ್ದು 1855ರಲ್ಲಿ. ಅದಕ್ಕೂ ಮುಂಚಿನದು ಬೇಕಿದ್ದರೆ ಚರ್ಚಿನ ಪುಸ್ತಕಗಳೇ ಗತಿ, ಅಲ್ಲಿ ಬರೆದವರು ಕಿವಿಗೆ ಕೇಳಿಸಿದ ಹಾಗೆ ಬರೆದಿರುತ್ತಾರೆ. ಝಡ್ ಇರುವ ಒಂದೇ ರೂಪ ಹಾಕಿ ಹುಡುಕಿದರೆ ಅರ್ಧ ಜನ ತಪ್ಪಿಹೋಗುತ್ತಾರೆ. ಡಿ ಬರೆದು ಒಂದು ನಕ್ಷತ್ರ ಚಿಹ್ನೆ, ಆಮೇಲೆ ಎಲ್ ಹಾಕಿ ನೋಡಿ. ಬೇಡದ ಹೆಸರುಗಳೂ ಜಾಸ್ತಿ ಬರುತ್ತವೆ, ಲ್ಯಾನಾರ್ಕ್‌ಷೈರ್ ಅಂತ ಜಿಲ್ಲೆ ಆರಿಸಿಕೊಂಡರೆ ಪಟ್ಟಿ ಚಿಕ್ಕದಾಗುತ್ತದೆ.