ತಲಪಾಡಿಯ ಆಚೆ, ಈಚೆ: ಯಾವ ಕಡೆ ಬದುಕು ಅಗ್ಗ?

ಮಂಗಳೂರು, ಕಾಸರಗೋಡಿನ ನಡುವೆ ಕರ್ನಾಟಕ ಮುಗಿದು ಕೇರಳ ಶುರುವಾಗುವ ತಲಪಾಡಿ ಗಡಿಯಲ್ಲಿ ಕರ್ನಾಟಕದ ಬದಿಯ ಪೆಟ್ರೋಲ್ ಬಂಕ್‌ಗೆ ಹೋಗಿ ನೋಡಿ. ಕಾಸರಗೋಡಿನ ಕೆಎಲ್-14 ನಂಬರಿನ ಬೈಕು, ಕಾರು, ಲಾರಿ ಸಾಲಾಗಿ ನಿಂತಿರುತ್ತವೆ. ಮಂಜೇಶ್ವರ, ಉಪ್ಪಳದ ಕಡೆಯವರು ಮಂಗಳೂರಿನ ಕೆಲಸ ಮುಗಿಸಿ, ಟ್ಯಾಂಕ್ ತುಂಬಿಸಿಕೊಂಡೇ ಮನೆಗೆ ಹೋಗುವುದು. ಇದನ್ನು ನೋಡಿ "ಕೇರಳ ಬಹಳ ದುಬಾರಿ ಮಾರಾಯ್ರೇ" ಅನ್ನುವವರು ಜಾಸ್ತಿ. ಅದು ಅರ್ಧ ಲೆಕ್ಕ ಅಷ್ಟೇ.

ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯೊಳಗೆ ಬಂದಿಲ್ಲ, ಹಾಗಾಗಿ ಆಯಾ ರಾಜ್ಯದ ತೆರಿಗೆಯೇ ದರ ಬೇರೆ ಮಾಡುತ್ತದೆ. 2021ರ ನವೆಂಬರ್‌ನಲ್ಲಿ ಕೇಂದ್ರ ಸುಂಕ ಇಳಿಸಿದಾಗ ಕರ್ನಾಟಕ ತನ್ನ ಪಾಲಿನಿಂದಲೂ ₹7 ಇಳಿಸಿತು, ಕೇರಳ ಇಳಿಸಲಿಲ್ಲ. 2023ರ ಏಪ್ರಿಲ್‌ನಿಂದ ಅದು ಲೀಟರ್‌ಗೆ ₹2 ಸಾಮಾಜಿಕ ಭದ್ರತಾ ಸೆಸ್ ಕೂಡ ಹಾಕಿತು. ಆಮೇಲೆ 2024ರ ಜೂನ್‌ನಲ್ಲಿ ಕರ್ನಾಟಕವೂ ತೆರಿಗೆ ಏರಿಸಿತು, 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಇನ್ನೊಂದು ಸಲ. ಅಂತರ ಕಡಿಮೆಯಾಯಿತು, ಹೋಗಲಿಲ್ಲ.

ಊಟದ ಖರ್ಚಿನ ಕತೆ ಇನ್ನೂ ಹಳೆಯದು. 1956ರ ನವೆಂಬರ್ 1ರವರೆಗೆ ಕಾಸರಗೋಡು, ಮಂಗಳೂರು ಎರಡೂ ದಕ್ಷಿಣ ಕನ್ನಡ ಜಿಲ್ಲೆಯೇ. ಗೆರೆ ಬಿದ್ದ ಮೇಲೆ ಕಾಸರಗೋಡು ಸೇರಿದ್ದು ತಿನ್ನುವಷ್ಟು ಅಕ್ಕಿ ತಾನೇ ಬೆಳೆಯದ ರಾಜ್ಯವನ್ನು. ತರಕಾರಿ ಮಂಗಳೂರಿಗೂ ಘಟ್ಟದಿಂದಲೇ ಇಳಿಯಬೇಕು, ಕಾಸರಗೋಡಿಗೆ ಅದರ ಮೇಲೆ ಇನ್ನೊಂದಿಷ್ಟು ಬಾಡಿಗೆ. ಆದರೆ ಈ ಕೊರತೆಯೇ ಕೇರಳದಲ್ಲಿ ರೇಷನ್ ಅಂಗಡಿಯನ್ನು ಗಟ್ಟಿ ಮಾಡಿತು. 1974ರಲ್ಲಿ ದಿನಸಿ ಮಾರುವ ಸರಕಾರಿ ನಿಗಮ ಸಪ್ಲೈಕೋ ಶುರುವಾಯಿತು. ಅದರ ಮಾವೇಲಿ ಸ್ಟೋರ್‌ಗಳಲ್ಲಿ ಅಕ್ಕಿ, ಉದ್ದು, ಸಕ್ಕರೆ, ತೆಂಗಿನೆಣ್ಣೆ ಸೇರಿ 13 ಸಾಮಾನುಗಳ ಸಬ್ಸಿಡಿ ದರ 2016ರಿಂದ 2024ರ ಫೆಬ್ರುವರಿವರೆಗೆ ಏರಲೇ ಇಲ್ಲ. ಸಾಮಾನು ಖಾಲಿಯಾಗಿ ಜನ ಬರಿಗೈಲಿ ವಾಪಸ್ ಹೋದದ್ದೂ ಇದೆ ಅನ್ನಿ. ಈಚೆ ಕರ್ನಾಟಕದಲ್ಲಿ 2013ರಲ್ಲಿ ಅನ್ನಭಾಗ್ಯ ಬಂತು, 2023ರಲ್ಲಿ ಹೆಂಗಸರಿಗೆ ಉಚಿತ ಬಸ್ಸು, 200 ಯೂನಿಟ್‌ವರೆಗೆ ಉಚಿತ ಕರೆಂಟು.

ಕೂಲಿ ನೋಡದೆ ಬೆಲೆ ಮಾತ್ರ ನೋಡಿದರೆ ಲೆಕ್ಕವೇ ತಪ್ಪುತ್ತದೆ, ಅಲ್ವಾ? ರಿಸರ್ವ್ ಬ್ಯಾಂಕಿನ 2022-23ರ ಅಂಕಿಅಂಶದಲ್ಲಿ ಕೇರಳದ ಹಳ್ಳಿಯ ಕಟ್ಟಡ ಕಾರ್ಮಿಕರ ದಿನಗೂಲಿ ಸುಮಾರು ₹850, ದೇಶದ ಸರಾಸರಿ ₹400ನ್ನೂ ಮುಟ್ಟುವುದಿಲ್ಲ. ದಶಕಗಳ ಕಾರ್ಮಿಕ ಹೋರಾಟ, ಗಲ್ಫಿಗೆ ಹೋದವರಿಂದಾಗಿ ಕೆಲಸಕ್ಕೆ ಜನ ಸಿಗದಿರುವುದು, ಎರಡೂ ಸೇರಿ ಆದದ್ದು ಇದು. ಮನೆ ಕಟ್ಟಿಸುವವರಿಗೆ ಇದೇ ದುಬಾರಿ, ಗಾರೆ ಕೆಲಸದವರ ಮನೆಗೆ ಇದೇ ಅನ್ನ. ಗಾಡಿ ಓಡಿಸಿ ಬದುಕುವವರಿಗೆ ಈಚೆ ಅನುಕೂಲ, ದಿನಗೂಲಿಯವರಿಗೆ ಆಚೆ. ಸುಮ್ನೆ ಒಂದು ರಾಜ್ಯವನ್ನು ಅಗ್ಗ ಅಂದರೆ ಯಾರಿಗೆ ಅಗ್ಗ ಅಂತ ಕೇಳಲೇಬೇಕು.

ನನಗೆ ಹೆಚ್ಚು ಸಂಕಟ ಆಗುವುದು ಆಸ್ಪತ್ರೆ ಖರ್ಚಿನ ವಿಷಯದಲ್ಲಿ. ಸರಕಾರಿ ಆಸ್ಪತ್ರೆಗೆ ಹೆಸರಾದ ರಾಜ್ಯದಲ್ಲಿದ್ದೂ ಕಾಸರಗೋಡಿನವರು ದೊಡ್ಡ ಕಾಯಿಲೆ ಬಂದರೆ ಓಡುವುದು ಮಂಗಳೂರಿನ ಖಾಸಗಿ ಆಸ್ಪತ್ರೆಗಳಿಗೆ. ಕಾಸರಗೋಡು ಜಿಲ್ಲೆಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು, ಕೆಲಸ ವರ್ಷಗಟ್ಟಲೆ ಕುಂಟಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿದಾಗ ರೋಗಿಗಳು ತಲಪಾಡಿಯಲ್ಲೇ ಸಿಕ್ಕಿಬಿದ್ದರು, ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಲೀಟರ್‌ಗೆ ಉಳಿಸಿದ ನಾಲ್ಕೈದು ರೂಪಾಯಿ ವರ್ಷವಿಡೀ ಕೂಡಿಟ್ಟರೂ ಒಂದು ಐಸಿಯು ಬಿಲ್ಲಿಗೆ ಸಾಲುವುದಿಲ್ಲ.